ಚಕ್ರ ದೊಡ್ಡದಾದಷ್ಟೂ ಪಿಕಪ್ಪಿನ ಕಸುವು ಕಡಿಮೆ

ಅಮೆರಿಕದಲ್ಲಿ ಪಿಕಪ್ ಕೊಳ್ಳಲು ಹೊರಟವರಿಗೆ ಕಂಪನಿಗಳು ಮೊದಲು ಹೇಳುವುದು ಎರಡು ಅಂಕಿಗಳನ್ನು. ಎಷ್ಟು ಭಾರದ ಟ್ರೇಲರನ್ನು ಎಳೆಯುತ್ತದೆ ಎಂಬುದು ಒಂದು, ತನ್ನ ಮೈಮೇಲೆ ಎಷ್ಟು ಹೊರುತ್ತದೆ ಎಂಬುದು ಇನ್ನೊಂದು. ಫೋರ್ಡ್‌ನ ಎಫ್ ಸರಣಿ 1977ರಿಂದ ಆ ದೇಶದ ಅತಿ ಹೆಚ್ಚು ಮಾರಾಟದ ಪಿಕಪ್ ಆಗಿ ಉಳಿದಿರುವುದಕ್ಕೆ ಈ ಎರಡು ಅಂಕಿಗಳ ಮೇಲಿನ ಪೈಪೋಟಿಯೂ ಒಂದು ಕಾರಣ. ದೋಣಿ, ಕುದುರೆ ಸಾಗಿಸುವ ಟ್ರೇಲರ್, ಮನೆಯಂಥ ಕ್ಯಾಂಪರ್, ಕಟ್ಟಡ ಕೆಲಸದ ಯಂತ್ರ ಇವನ್ನೆಲ್ಲ ಹಿಂದೆ ಕಟ್ಟಿಕೊಂಡು ಹೋಗುವ ಜನರಿಗೆ ಈ ಅಂಕಿಗಳು ಬದುಕಿನ ಲೆಕ್ಕ. ಆದರೆ ಅದೇ ಷೋರೂಮಿನಲ್ಲಿ, ಅದೇ ಆರ್ಡರ್ ಫಾರಂನಲ್ಲಿ, ಬಣ್ಣ ಮತ್ತು ಸೀಟಿನ ಬಟ್ಟೆಯ ಜತೆ ಅಲಂಕಾರದ ಸಾಲಿನಲ್ಲಿ ಇನ್ನೊಂದು ಆಯ್ಕೆ ಇರುತ್ತದೆ. ರಿಮ್ 17 ಇಂಚಿನದು ಬೇಕೆ, 18ರದೆ, 20ರದೆ, 22ರದೆ? ನನ್ನ ವಾದ ಇಷ್ಟೇ: ಈ ಆಯ್ಕೆ ಅಲಂಕಾರದ ಸಾಲಿಗೆ ಸೇರಿದ್ದಲ್ಲ. ರಿಮ್ ಮತ್ತು ಟೈರು ಹಿಗ್ಗಿದಷ್ಟೂ ಪಿಕಪ್ಪಿನ ಎಳೆಯುವ, ಹೊರುವ ಎರಡೂ ಶಕ್ತಿಗಳು ಕುಗ್ಗುತ್ತವೆ, ಮತ್ತು ಈ ನಷ್ಟ ಕೊಳ್ಳುವವನ ಕಣ್ಣಿಗೆ ಬೀಳದ ಹಾಗೆ ನಡೆಯುತ್ತದೆ.

ಮೊದಲು ಹೊರುವ ಲೆಕ್ಕವನ್ನು ನೋಡೋಣ. ಪ್ರತಿ ಪಿಕಪ್ಪಿಗೂ ತಯಾರಕರು ಒಂದು ಒಟ್ಟು ತೂಕದ ಮಿತಿಯನ್ನು ಗೊತ್ತುಮಾಡಿರುತ್ತಾರೆ. ವಾಹನದ ಸ್ವಂತ ತೂಕ, ಡೀಸೆಲ್ ಅಥವಾ ಪೆಟ್ರೋಲ್, ಚಾಲಕ, ಪ್ರಯಾಣಿಕರು, ಸಾಮಾನು ಎಲ್ಲ ಸೇರಿ ಆ ಮಿತಿಯನ್ನು ಮೀರಬಾರದು. ಮಿತಿಯಿಂದ ಇಂಧನವೂ ಸೇರಿದ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ಹೊರೆ ಸಾಮರ್ಥ್ಯ. ಅಮೆರಿಕದ ಕಾನೂನಿನಂತೆ ಇದನ್ನು ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಚೀಟಿಯೊಂದರಲ್ಲಿ ಅಚ್ಚು ಹಾಕಿರಬೇಕು. ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ, ಮತ್ತು ಆ ಅಂಕಿ ಆ ಒಂದು ವಾಹನಕ್ಕೆ ಮಾತ್ರ ಸೇರಿದ್ದು. ಜಾಹೀರಾತಿನಲ್ಲಿ ಕಾಣುವ ಗರಿಷ್ಠ ಅಂಕಿ, ಅತಿ ಹಗುರ ಕ್ಯಾಬಿನ್, ಸರಳ ಸೀಟು, ಸಣ್ಣ ರಿಮ್ ಇರುವ ಯಾವುದೋ ಒಂದು ಮಾದರಿಯದ್ದಾಗಿರುತ್ತದೆ. ಐಷಾರಾಮಿ ಮಾದರಿಯ ಬಾಗಿಲ ಚೀಟಿಯಲ್ಲಿ ಅದಕ್ಕಿಂತ ನೂರಾರು ಕಿಲೋ ಕಡಿಮೆ ಇರುವುದು ಸಾಮಾನ್ಯ.

ಎಳೆಯುವುದು ಬೇರೆ, ಹೊರುವುದು ಬೇರೆ ಎಂಬ ತಿಳಿವಳಿಕೆಯಲ್ಲೇ ಮೊದಲ ತೊಡಕು ಇದೆ. ಟ್ರೇಲರಿನ ಮುಂಭಾಗ ಪಿಕಪ್ಪಿನ ಹಿಂದಿನ ಹುಕ್ಕಿನ ಮೇಲೆ ಕೂರುತ್ತದೆ. ಟ್ರೇಲರ್ ರಸ್ತೆಯಲ್ಲಿ ಓಲಾಡದೆ ನೆಟ್ಟಗೆ ಬರಬೇಕಾದರೆ ಅದರ ತೂಕದ ಶೇ 10ರಿಂದ 15ರಷ್ಟು ಹುಕ್ಕಿನ ಮೇಲೆ ಬೀಳಲೇಬೇಕು. ಹೀಗೆ ಬಿದ್ದ ಭಾರ ಪಿಕಪ್ ಹೊರುವ ಭಾರದ ಲೆಕ್ಕಕ್ಕೆ ಸೇರುತ್ತದೆ. ಉದಾಹರಣೆಗೆ, ಒಟ್ಟು ಮಿತಿ 3,200 ಕಿಲೋ, ಸ್ವಂತ ತೂಕ 2,450 ಕಿಲೋ ಇರುವ ಪಿಕಪ್ ಎಂದುಕೊಳ್ಳಿ. ಹೊರೆ ಸಾಮರ್ಥ್ಯ 750 ಕಿಲೋ. 3,500 ಕಿಲೋ ತೂಕದ ಟ್ರೇಲರ್ ಕಟ್ಟಿದರೆ, ಶೇ 13ರ ಲೆಕ್ಕದಲ್ಲಿ ಹುಕ್ಕಿನ ಮೇಲೆ 455 ಕಿಲೋ ಬಂದು ಕೂರುತ್ತದೆ. ತಲಾ 68 ಕಿಲೋ ತೂಕದ ನಾಲ್ವರು ಒಳಗೆ ಕುಳಿತರೆ 272 ಕಿಲೋ. ಅಲ್ಲಿಗೆ 727 ಆಯಿತು, ಉಳಿದದ್ದು 23 ಕಿಲೋ. ಎಳೆಯುವ ಮಿತಿ ಐದು ಸಾವಿರ ಕಿಲೋ ಎಂದು ಬರೆದಿರುವ ವಾಹನದಲ್ಲೂ, ಮೂರೂವರೆ ಸಾವಿರಕ್ಕೇ ಹೊರುವ ಮಿತಿ ಮುಗಿದುಹೋಗುತ್ತದೆ. ಟ್ರೇಲರ್ ಎಳೆಯುವವರಿಗೆ ಸಾಮಾನ್ಯವಾಗಿ ಮೊದಲು ಎದುರಾಗುವ ತಡೆ ಇದೇ.

ಈಗ ಇದೇ ಪಿಕಪ್ಪಿಗೆ ಕಂಪನಿಯ ಟೈರು ಬಿಚ್ಚಿಸಿ 35 ಇಂಚಿನ ದಪ್ಪ ಹಲ್ಲಿನ ಟೈರು ಹಾಕಿಸಿದರು ಎನ್ನಿ. ಸಾಮಾನ್ಯ ರಸ್ತೆ ಟೈರು ಒಂದಕ್ಕೆ 18–20 ಕಿಲೋ ತೂಗಿದರೆ, ಅಂಥ ಟೈರು ಸುಮಾರು 30 ಕಿಲೋ ತೂಗುತ್ತದೆ. ಒಂದಕ್ಕೆ 12 ಕಿಲೋ ಹೆಚ್ಚು ಎಂದರೂ ನಾಲ್ಕಕ್ಕೆ 48. ಮೇಲೆ ಉಳಿದಿದ್ದ 23 ಕಿಲೋ ಮುಗಿದು ವಾಹನ ಮಿತಿ ದಾಟಿಯಾಯಿತು. ಹಿಂದಿನ ತೊಟ್ಟಿಗೆ ಒಂದು ಚೀಲವನ್ನೂ ಹಾಕಿಲ್ಲ, ಹೊರೆ ಮಾತ್ರ ಏರಿದೆ. ಇಷ್ಟು ಸಣ್ಣ ಅಂಕಿಗೆ ಯಾಕೆ ಇಷ್ಟು ಚರ್ಚೆ ಎನ್ನಬಹುದು. ಅಮೆರಿಕದ ಸುರಕ್ಷತಾ ನಿಯಮ ಈ ಅಂಕಿಯನ್ನು ಸಣ್ಣದೆಂದು ಭಾವಿಸಿಲ್ಲ. ಮೊದಲ ಮಾರಾಟಕ್ಕೆ ಮುಂಚೆ ವಾಹನಕ್ಕೆ ಸೇರಿಸಿದ ಸಾಮಗ್ರಿಯ ತೂಕ, ಒಟ್ಟು ತೂಕದ ಮಿತಿಯ ಶೇ 1.5 ಅಥವಾ ಸುಮಾರು 45 ಕಿಲೋ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ದಾಟಿದರೆ ಬಾಗಿಲಿನ ಚೀಟಿಯ ಅಂಕಿಯನ್ನು ತಿದ್ದಬೇಕು. ಆದರೆ ಮಾಲೀಕ ಮನೆಗೆ ತಂದ ಮೇಲೆ ಟೈರು ಬದಲಿಸಿದರೆ ಚೀಟಿಯನ್ನು ತಿದ್ದುವವರು ಯಾರೂ ಇರುವುದಿಲ್ಲ. ಚೀಟಿಯಲ್ಲಿ ಹಳೆಯ ಅಂಕಿಯೇ ಉಳಿಯುತ್ತದೆ.

ತೂಕ ಈ ಕಥೆಯ ಹಗುರ ಭಾಗ. ಟೈರು ಭಾರವನ್ನು ಹೇಗೆ ಹೊರುತ್ತದೆ ಎಂಬುದರಲ್ಲಿ ಅಸಲು ವಿಷಯವಿದೆ. ವಾಹನದ ಭಾರವನ್ನು ಎತ್ತಿ ಹಿಡಿಯುವುದು ಬಹುಮಟ್ಟಿಗೆ ಒಳಗಿನ ಗಾಳಿ. ರಬ್ಬರು, ಅದರೊಳಗಿನ ನೂಲಿನ ಪದರ, ಉಕ್ಕಿನ ತಂತಿ ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಒಳಗೆ ಎಷ್ಟು ಜಾಗವಿದೆ, ಅದರಲ್ಲಿ ಎಷ್ಟು ಒತ್ತಡದ ಗಾಳಿ ತುಂಬಿದೆ ಎಂಬುದರ ಮೇಲೆ ಟೈರು ಹೊರುವ ಭಾರ ನಿಂತಿದೆ. ಹೊರಗಿನ ಎತ್ತರವನ್ನು ಹಾಗೆಯೇ ಇಟ್ಟು ರಿಮ್ಮನ್ನು ಹಿಗ್ಗಿಸಿದರೆ ಆ ಜಾಗವನ್ನು ಲೋಹ ಆಕ್ರಮಿಸುತ್ತದೆ, ಪಕ್ಕದ ರಬ್ಬರಿನ ಎತ್ತರ ತಗ್ಗುತ್ತದೆ, ಗಾಳಿಗೆ ಇರುವ ಜಾಗ ಕುಗ್ಗುತ್ತದೆ. ಈ ಮಾತಿಗೆ ಸಾಕ್ಷಿ ಟೈರಿನ ಮೈಮೇಲೇ ಅಚ್ಚಾಗಿದೆ. ಅಮೆರಿಕದ ಅರ್ಧ ಟನ್ ವರ್ಗದ ಪಿಕಪ್‌ಗಳಲ್ಲಿ ಬಳಕೆಯಲ್ಲಿರುವ ಮೂರು ಅಳತೆಗಳನ್ನು ನೋಡಿ: 275/65 ಆರ್18, 275/55 ಆರ್20, 275/50 ಆರ್22. ಮೂರರ ಅಗಲವೂ 275 ಮಿಲಿಮೀಟರ್. ಹೊರ ಎತ್ತರ ಮೊದಲ ಎರಡಕ್ಕೆ ಸುಮಾರು 81 ಸೆಂಟಿಮೀಟರ್, ಮೂರನೆಯದಕ್ಕೆ 83. ರಸ್ತೆಯಲ್ಲಿ ಪಕ್ಕಪಕ್ಕ ನಿಲ್ಲಿಸಿದರೆ ಮೂರೂ ಒಂದೇ ಗಾತ್ರದವು ಎನಿಸುತ್ತದೆ. ಆದರೆ ಅಳತೆಯ ನಂತರ ಬರೆದಿರುವ ಭಾರಸೂಚಿ ಅಂಕಿ ಸಾಮಾನ್ಯ ದರ್ಜೆಯ ಟೈರಿನಲ್ಲಿ ಕ್ರಮವಾಗಿ 116, 113, 111. ಈ ಸೂಚಿಗಳಿಗೆ ಜಗತ್ತಿನಾದ್ಯಂತ ಒಂದೇ ಅರ್ಥ: 116 ಎಂದರೆ 1,250 ಕಿಲೋ, 113 ಎಂದರೆ 1,150, 111 ಎಂದರೆ 1,090. ರಿಮ್ ನಾಲ್ಕು ಇಂಚು ಬೆಳೆದಾಗ ಒಂದೊಂದು ಟೈರೂ 160 ಕಿಲೋ ಹೊರುವ ಶಕ್ತಿಯನ್ನು ಬಿಟ್ಟುಕೊಟ್ಟಿತು.

ಇದರಲ್ಲೂ ಒಂದು ಕಡಿತವಿದೆ. ಕಾರಿಗೆಂದು ಮಾಡಿದ ದರ್ಜೆಯ ಟೈರನ್ನು ಪಿಕಪ್ಪಿಗೆ ಹಾಕಿದಾಗ ಅದರ ಭಾರದ ಅಂಕಿಯನ್ನು 1.1ರಿಂದ ಭಾಗಿಸಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಪಿಕಪ್ ಮೇಲೆ ಬೀಳುವ ಪೆಟ್ಟು, ವಾಲಾಟ ಕಾರಿಗಿಂತ ಹೆಚ್ಚು ಎಂಬುದು ಅದರ ಹಿಂದಿನ ವಿವೇಕ. ಹಾಗೆ ಭಾಗಿಸಿದರೆ ಹಿಂದಿನ ಆಕ್ಸಲ್ಲಿನ ಎರಡು ಟೈರುಗಳು ಸೇರಿ 18 ಇಂಚಿನಲ್ಲಿ ಸುಮಾರು 2,270 ಕಿಲೋ, 22 ಇಂಚಿನಲ್ಲಿ ಸುಮಾರು 1,980 ಕಿಲೋ ಹೊರಬಲ್ಲವು. ಈಗ ಮೇಲಿನ ಟ್ರೇಲರಿಗೆ ಮರಳೋಣ. ಹುಕ್ಕು ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಇರುವುದರಿಂದ ಅದರ ಮೇಲೆ ಬಿದ್ದ ಭಾರ ಸನ್ನೆಗೋಲಿನಂತೆ ಮೂತಿಯನ್ನು ಎತ್ತಿ ಹಿಂಭಾಗವನ್ನು ಒತ್ತುತ್ತದೆ. ಎರಡು ಆಕ್ಸಲ್ಲುಗಳ ನಡುವೆ 3.7 ಮೀಟರ್, ಹಿಂದಿನ ಆಕ್ಸಲ್ಲಿನಿಂದ ಹುಕ್ಕಿಗೆ 1.3 ಮೀಟರ್ ಅಂತರವಿದ್ದರೆ, ಹುಕ್ಕಿನ 455 ಕಿಲೋ ಹಿಂದಿನ ಆಕ್ಸಲ್ ಮೇಲೆ ಸುಮಾರು 615 ಕಿಲೋ ಆಗಿ ಇಳಿಯುತ್ತದೆ, ಮುಂದಿನ ಚಕ್ರಗಳ ಮೇಲಿಂದ 160 ಕಿಲೋ ಹಾರಿಹೋಗುತ್ತದೆ. ಖಾಲಿ ವಾಹನದ ಹಿಂದಿನ ಆಕ್ಸಲ್ ಪಾಲು 1,050 ಕಿಲೋ ಎಂದು ಹಿಡಿದು, ಪ್ರಯಾಣಿಕರ ತೂಕದಲ್ಲಿ ಅರ್ಧವನ್ನು ಸೇರಿಸಿದರೆ, ಹಿಂದಿನ ಎರಡು ಟೈರುಗಳ ಮೇಲೆ 1,800 ಕಿಲೋ ಬಿತ್ತು.

18 ಇಂಚಿನ ರಿಮ್ಮಿನಲ್ಲಿ ಇನ್ನೂ 470 ಕಿಲೋ ಮೀಸಲು ಉಂಟು. 22 ಇಂಚಿನಲ್ಲಿ 180 ಮಾತ್ರ. ಎರಡೂ ಮಿತಿಯೊಳಗೇ ಇವೆಯಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ, ಯಾಕೆಂದರೆ ಈ ಅಂಕಿಗಳೆಲ್ಲ ಪೂರ್ತಿ ಗಾಳಿ ತುಂಬಿದ ಟೈರಿನವು. ಗಾಳಿ ತಿಂಗಳಾನುಗಟ್ಟಲೆ ಸೋರುತ್ತದೆ, ಚಳಿಗೆ ಇಳಿಯುತ್ತದೆ. ಒತ್ತಡ ಶೇ 20ರಷ್ಟು ಇಳಿದರೆ ಟೈರು ಹೊರುವ ಶಕ್ತಿ ಶೇ 10ರಿಂದ 13ರಷ್ಟು ಇಳಿಯುತ್ತದೆ. ಆಗ 22 ಇಂಚಿನ ಜೋಡಿ 1,800ರ ಕೆಳಗೆ ಜಾರುತ್ತದೆ, 18 ಇಂಚಿನದು ಇನ್ನೂ 1,970ರ ಆಸುಪಾಸಿನಲ್ಲಿ ನಿಂತಿರುತ್ತದೆ. ಡ್ಯಾಷ್‌ಬೋರ್ಡಿನಲ್ಲಿ ಕಡಿಮೆ ಗಾಳಿಯ ದೀಪ ಹೊತ್ತಬೇಕಾದುದು, ನಿಯಮದ ಪ್ರಕಾರ, ಒತ್ತಡ ಶೇ 25ರಷ್ಟು ಇಳಿದಾಗ. ಅಂದರೆ ದೀಪ ಹೊತ್ತುವ ಮೊದಲೇ ದೊಡ್ಡ ರಿಮ್ಮಿನ ಪಿಕಪ್ ತನ್ನ ಟೈರಿನ ಮಿತಿ ಮೀರಿ ಓಡುತ್ತಿರುತ್ತದೆ. ಮಿತಿ ಮೀರಿದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಒಳಗಿನ ಪದರಗಳ ಅಂಟು ಸಡಿಲಗೊಳ್ಳುತ್ತದೆ.

ಇದು ಕಾಗದದ ಮೇಲಿನ ಭಯವಲ್ಲ ಎಂಬುದಕ್ಕೆ ಇತಿಹಾಸವಿದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಬಹುಪಾಲು, ಪಿಕಪ್ಪಿನ ಅಡಿಗಟ್ಟಿನಿಂದ ಹುಟ್ಟಿದ ಫೋರ್ಡ್ ಎಕ್ಸ್‌ಪ್ಲೋರರ್ ಮೇಲೆ ಕೂತಿದ್ದವು. ಮೇಲಿನ ಪಟ್ಟಿ ಕಿತ್ತುಬಂದು, ವಾಹನ ಮಗುಚಿ ಅಮೆರಿಕದಲ್ಲಿ ಸತ್ತವರ ಸಂಖ್ಯೆ 271ಕ್ಕೆ ಮುಟ್ಟಿತು. ಟೈರಿನಲ್ಲೇ ದೋಷವಿತ್ತು ಎಂಬುದು ತನಿಖೆಯಲ್ಲಿ ಖಚಿತವಾಯಿತು. ಆದರೆ ಜತೆಗೆ ಇನ್ನೊಂದು ಸಂಗತಿ ದೊಡ್ಡ ವಿವಾದವಾಯಿತು: ಫೋರ್ಡ್ ಸೂಚಿಸಿದ್ದ ಗಾಳಿ 26 ಪಿಎಸ್‌ಐ, ಟೈರಿನವರು ಬೇಕೆಂದದ್ದು 30. ಕಡಿಮೆ ಗಾಳಿ, ಪೂರ್ತಿ ಹೊರೆ, ಟೆಕ್ಸಾಸ್, ಅರಿಜೋನಾಗಳ ಬಿಸಿ ರಸ್ತೆ, ವೇಗ ಇವೆಲ್ಲ ಸೇರಿದ ಕಡೆ ದೋಷದ ಟೈರಿಗೆ ತಡೆದುಕೊಳ್ಳಲು ಮೀಸಲು ಉಳಿದಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಬಂದ ಕಾಯ್ದೆಯಿಂದಲೇ ಟೈರಿನ ಹೊಸ ಪರೀಕ್ಷೆಗಳು, ಗಾಳಿ ಇಳಿದರೆ ಎಚ್ಚರಿಸುವ ದೀಪ, ಇಂದಿನ ಬಾಗಿಲ ಚೀಟಿಯ ನಿಯಮ ಹುಟ್ಟಿಕೊಂಡವು. ಅಷ್ಟು ಸಾವುಗಳಿಂದ ಕಲಿತ ಪಾಠವನ್ನು ಈಗ ರಿಮ್ಮಿನ ಹೊಳಪಿಗಾಗಿ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎಳೆಯುವ ಶಕ್ತಿಯ ಕಡೆಗೆ ಬಂದರೆ ಟೈರಿನ ಹೊರ ಎತ್ತರ ಮುಖ್ಯವಾಗುತ್ತದೆ. ದೊಡ್ಡ ಚಕ್ರ ಸುಲಭವಾಗಿ ಉರುಳುತ್ತದೆ, ನಮ್ಮ ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಇಟ್ಟದ್ದು ಅದಕ್ಕೇ ಅಲ್ಲವೆ ಎಂದು ಕೇಳುವವರು ಇದ್ದಾರೆ. ಗಾಡಿಯ ಮಟ್ಟಿಗೆ ಮಾತು ನಿಜ. ದೊಡ್ಡ ಚಕ್ರ ಹಳ್ಳದಲ್ಲಿ ಕಡಿಮೆ ಇಳಿಯುತ್ತದೆ, ಕಲ್ಲನ್ನು ಸುಲಭವಾಗಿ ಏರುತ್ತದೆ, ಅಚ್ಚಿನ ತಿಕ್ಕಾಟವೂ ಕಡಿಮೆ ಅನುಭವಕ್ಕೆ ಬರುತ್ತದೆ. ಆದರೆ ಅಲ್ಲಿ ಎಳೆಯುವುದು ನೊಗಕ್ಕೆ ಹೆಗಲು ಕೊಟ್ಟ ಎತ್ತು, ಚಕ್ರ ಬರೀ ಉರುಳುತ್ತದೆ. ಪಿಕಪ್ಪಿನಲ್ಲಿ ಚಕ್ರವೇ ಎತ್ತಿನ ಕೆಲಸ ಮಾಡಬೇಕು. ಎಂಜಿನ್ನಿನ ತಿರುಚುಬಲ ಗೇರು, ಡಿಫರೆನ್ಷಿಯಲ್ ದಾಟಿ ಆಕ್ಸಲ್ಲಿಗೆ ಬರುತ್ತದೆ, ಅಲ್ಲಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಆಕ್ಸಲ್ಲಿನಿಂದ ನೆಲಕ್ಕೆ ಇರುವ ದೂರ ಹೆಚ್ಚಿದಷ್ಟೂ ಅದೇ ತಿರುಚುಬಲದಿಂದ ನೆಲಕ್ಕೆ ದಕ್ಕುವ ತಳ್ಳುಬಲ ಕಡಿಮೆ. ಹಿಂದೆ ಕಟ್ಟಿದ ಟ್ರೇಲರಿಗೆ ದೊಡ್ಡ ಚಕ್ರ ಇದ್ದರೆ ಲಾಭ, ಎಳೆಯುವ ಪಿಕಪ್ಪಿಗೆ ಇದ್ದರೆ ನಷ್ಟ.

ನಷ್ಟ ಎಷ್ಟು ಎಂಬುದನ್ನು ಡಿಫರೆನ್ಷಿಯಲ್ ಅನುಪಾತದ ಮೂಲಕ ಅಳೆಯಬಹುದು; ಈ ಅಂಕಿ ಹೆಚ್ಚಿದಷ್ಟೂ ಎಳೆತ ಹೆಚ್ಚು. 3.55 ಅನುಪಾತದ ಆಕ್ಸಲ್ ಇರುವ ಪಿಕಪ್ಪಿನ 32 ಇಂಚಿನ ಟೈರು ತೆಗೆದು 35 ಇಂಚಿನದು ಹಾಕಿದರೆ, ತಳ್ಳುಬಲ ಶೇ 8.6ರಷ್ಟು ತಗ್ಗಿ, ಆಕ್ಸಲ್ ಸುಮಾರು 3.25ರದರಂತೆ ನಡೆದುಕೊಳ್ಳುತ್ತದೆ. ರ‍್ಯಾಮ್ 1500 ಪಿಕಪ್ಪಿಗೆ ಕಂಪನಿಯವರೇ 3.21, 3.55, 3.92 ಎಂಬ ಆಯ್ಕೆಗಳನ್ನು ಕೊಟ್ಟಿದ್ದಾರೆ. ಅದೇ ಎಂಜಿನ್ನಿಗೆ 3.21ರ ಆಕ್ಸಲ್ ಇದ್ದರೆ ಎಳೆಯುವ ಮಿತಿ, 3.92 ಇದ್ದದ್ದಕ್ಕಿಂತ ಸಾವಿರ ಕಿಲೋ ಆಸುಪಾಸು ಕಡಿಮೆ ಎಂದು ಅವರ ಪಟ್ಟಿಯೇ ಹೇಳುತ್ತದೆ. ಹಾಗಾದರೆ 35 ಇಂಚಿನ ಟೈರು ಹಾಕಿಸಿದವನು, ಹಣ ಕೊಟ್ಟು ಪಡೆದ ಎಳೆಯುವ ಆಕ್ಸಲ್ಲನ್ನು ಇಂಧನ ಉಳಿಸುವ ಆಕ್ಸಲ್ಲಿಗೆ ಬದಲಿಸಿಕೊಂಡಂತಾಯಿತು, ಅದೂ ಇಂಧನ ಉಳಿಯದೆ. ಭಾರದ ಟೈರನ್ನು ತಿರುಗಿಸಲು ಬೇಕಾದ ಶ್ರಮ ಬೇರೆ. ಚಕ್ರದ ಅಂಚಿನಲ್ಲಿ ಕೂತ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು, ಹಾಗಾಗಿ ವೇಗ ಪಡೆಯುವಾಗ ಅದು ತೊಟ್ಟಿಯಲ್ಲಿಟ್ಟ ಅಷ್ಟೇ ತೂಕದ ಹತ್ತಿರ ಹತ್ತಿರ ಎರಡು ಪಟ್ಟು ಕಾಡುತ್ತದೆ. ಬ್ರೇಕಿಗೂ ಇದೇ ಗತಿ. ಅದೇ ಪೆಡಲ್ ಒತ್ತಿಗೆ ಎತ್ತರದ ಟೈರಿನಲ್ಲಿ ದಕ್ಕುವ ತಡೆಬಲ ಕಡಿಮೆ, ನಿಲ್ಲಿಸಬೇಕಾದ ಸುತ್ತುಬಲ ಹೆಚ್ಚು. ಸ್ಪೀಡೋಮೀಟರ್ ತಿದ್ದಿಸದಿದ್ದರೆ ಅದು 100 ತೋರಿಸುವಾಗ ವಾಹನ 109ರಲ್ಲಿ ಓಡುತ್ತಿರುತ್ತದೆ, ಟ್ರೇಲರ್ ಕಟ್ಟಿದವನಿಗೆ ಈ 9 ಕಿಲೋಮೀಟರ್ ಸಣ್ಣ ಮಾತಲ್ಲ.

ಎಳೆಯುವ ಮಿತಿ ಎಂಬುದು ಕಂಪನಿಗಳ ಊಹೆಯ ಅಂಕಿಯಾಗಿದ್ದ ಕಾಲವೂ ಇತ್ತು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ರೂಪಿಸಿದ ಜೆ2807 ಎಂಬ ಪರೀಕ್ಷಾ ಕ್ರಮವನ್ನು ಟೊಯೋಟಾ 2011ರ ಟಂಡ್ರಾ ಪಿಕಪ್ಪಿಗೆ ಮೊದಲು ಒಪ್ಪಿಕೊಂಡಿತು, ಉಳಿದ ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಬಂದವು. ಈ ಪರೀಕ್ಷೆಯಲ್ಲಿ ಪಿಕಪ್ ಪೂರ್ತಿ ಭಾರದ ಟ್ರೇಲರಿನೊಂದಿಗೆ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಹತ್ತಬೇಕು. ಸುಮಾರು 18 ಕಿಲೋಮೀಟರ್ ಉದ್ದದ ಏರು, 38 ಡಿಗ್ರಿ ಸೆಲ್ಸಿಯಸ್ ಬಿಸಿಲು, ಏಸಿ ಪೂರ್ತಿ ಚಾಲೂ, ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಶೇ 12ರ ಇಳಿಜಾರಿನಲ್ಲಿ ನಿಂತಲ್ಲಿಂದ ಐದು ಸಲ ಮುಂದಕ್ಕೆ, ಐದು ಸಲ ಹಿಂದಕ್ಕೆ ಹೊರಡಬೇಕು. ಇಂಥ ಪರೀಕ್ಷೆಯಿಂದ ಬಂದ ಅಂಕಿ, ಪರೀಕ್ಷೆಯ ದಿನ ವಾಹನಕ್ಕೆ ಇದ್ದ ಟೈರಿಗೆ ಬದ್ಧವಾದ ಅಂಕಿ. ಟೈರು ಬದಲಿಸಿದ ಗಳಿಗೆಯಿಂದ ಆ ಅಂಕಿಗೂ ಆ ವಾಹನಕ್ಕೂ ಸಂಬಂಧ ಕಡಿದಂತೆ.

ಕಂಪನಿಗಳಿಗೆ ಇದೆಲ್ಲ ಗೊತ್ತು. ಫೋರ್ಡ್ ತನ್ನ ಎಫ್-150 ರ‍್ಯಾಪ್ಟರ್ ಮಾದರಿಗೆ 35 ಮತ್ತು 37 ಇಂಚಿನ ಟೈರು ಹಾಕುವಾಗ ಆಕ್ಸಲ್ ಅನುಪಾತವನ್ನು 4.10ಕ್ಕೆ ಏರಿಸಿತು. ಲೆಕ್ಕ ಹಾಕಿದರೆ 37 ಇಂಚಿನ ಟೈರಿನ ಮೇಲೆ 4.10 ಎಂಬುದು 32 ಇಂಚಿನ ಟೈರಿನ ಮೇಲಿನ 3.55ಕ್ಕೆ ಸರಿಸಮ. ಹೀಗೆ ಗೇರಿನ ನಷ್ಟವನ್ನು ತುಂಬಿಕೊಟ್ಟ ಮೇಲೂ 2021ರ ರ‍್ಯಾಪ್ಟರ್ ಎಳೆಯಬಲ್ಲದ್ದು 8,200 ಪೌಂಡ್, ಅಂದರೆ ಸುಮಾರು 3,720 ಕಿಲೋ. ಅದೇ ವರ್ಷದ ಸಾಮಾನ್ಯ ಎಫ್-150ರ ಅತ್ಯುತ್ತಮ ಮಾದರಿ 14,000 ಪೌಂಡ್ ಎಳೆಯುತ್ತಿತ್ತು. ಈ ಅಂತರವನ್ನೆಲ್ಲ ಟೈರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮರಳುಗಾಡಿನಲ್ಲಿ ಹಾರಿ ಓಡಲು ಇಟ್ಟ ಮೆತ್ತನೆಯ ಸ್ಪ್ರಿಂಗುಗಳಿಗೂ ಅದರಲ್ಲಿ ದೊಡ್ಡ ಪಾಲಿದೆ. ಆದರೂ ಕಾರ್ಖಾನೆಯ ಎಂಜಿನಿಯರುಗಳೇ ಗೇರು, ಬ್ರೇಕು, ಸ್ಪ್ರಿಂಗು ಎಲ್ಲವನ್ನೂ ಹೊಂದಿಸಿ ದೊಡ್ಡ ಟೈರು ಕೂರಿಸಿದಾಗ ಎಳೆಯುವ ಮಿತಿಯನ್ನು ಇಷ್ಟು ಇಳಿಸಿರುವಾಗ, ಟೈರಂಗಡಿಯಲ್ಲಿ ಬರೀ ಟೈರು ಬದಲಿಸಿದವನು ಹಳೆಯ ಮಿತಿಯನ್ನೇ ನಂಬಿಕೊಂಡಿರುವುದಕ್ಕೆ ಆಧಾರವಿಲ್ಲ.

ದಪ್ಪ ಟೈರು ಹಾಕಿದರೆ ಹೊರುವ ಶಕ್ತಿ ಹೆಚ್ಚಲೇಬೇಕಲ್ಲ ಎಂಬ ಆಕ್ಷೇಪ ಬಲವಾದದ್ದು, ಅದರಲ್ಲಿ ಅರ್ಧ ಸತ್ಯವಿದೆ. ಎಲ್‌ಟಿ ಎಂದು ಗುರುತು ಇರುವ, ಇ ದರ್ಜೆಯ ಲಘು ಟ್ರಕ್ ಟೈರು 80 ಪಿಎಸ್‌ಐ ಗಾಳಿಯಲ್ಲಿ ಕಾರು ದರ್ಜೆಯ ಟೈರಿಗಿಂತ ಬಹಳ ಹೆಚ್ಚು ಹೊರುತ್ತದೆ. ಎಲ್‌ಟಿ 275/65 ಆರ್18ರ ಭಾರಸೂಚಿ 123, ಅಂದರೆ 1,550 ಕಿಲೋ. ಆದರೆ ಅದು ಆ ಒತ್ತಡದಲ್ಲಿ ಮಾತ್ರ. ಬಾಗಿಲ ಚೀಟಿಯಲ್ಲಿ ಹಳೆಯ ಟೈರಿಗೆಂದು ಬರೆದ 35 ಪಿಎಸ್‌ಐ ನೋಡಿ ಅಷ್ಟೇ ಗಾಳಿ ತುಂಬಿದರೆ, ಅದೇ ಅಳತೆಯ ಎಲ್‌ಟಿ ಟೈರು ತಾನು ಕೆಳಗಿಳಿಸಿದ ಕಾರು ಟೈರಿಗಿಂತಲೂ ಕಡಿಮೆ ಹೊರುತ್ತದೆ. ಹೊರೆ ಹೆಚ್ಚಿಸಲೆಂದು ಹಣ ಸುರಿದವನು ಹೊರೆ ಕಡಿಮೆ ಮಾಡಿಕೊಂಡು ಮನೆಗೆ ಹೋಗುವುದು ಹೀಗೆ. ಸರಿಯಾದ ಗಾಳಿ ತುಂಬಿದರೂ ವಾಹನದ ಒಟ್ಟು ತೂಕದ ಮಿತಿ ಒಂದು ಕಿಲೋ ಸಹ ಏರುವುದಿಲ್ಲ. ಆ ಮಿತಿಯನ್ನು ಆಕ್ಸಲ್, ಸ್ಪ್ರಿಂಗ್, ಬ್ರೇಕ್, ಚಾಸಿ, ಬೇರಿಂಗ್, ರಿಮ್ ಇವುಗಳಲ್ಲಿ ಅತಿ ದುರ್ಬಲವಾದದ್ದು ನಿರ್ಧರಿಸುತ್ತದೆ. ರಿಮ್ಮಿಗೂ ತನ್ನದೇ ಭಾರದ ಮಿತಿ ಇದೆ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಚಕ್ರವನ್ನು ಹೊರಕ್ಕೆ ಚಾಚುವ ಅಲಂಕಾರದ ರಿಮ್ ಬೇರಿಂಗಿನ ಮೇಲೆ ಸನ್ನೆಯ ಒತ್ತಡವನ್ನೂ ಏರಿಸುತ್ತದೆ.

ಇನ್ನೊಂದು ವಾದ ಹೊಸ ತಂತ್ರಜ್ಞಾನದ್ದು. ಹತ್ತು ಗೇರಿನ ಆಟೊಮ್ಯಾಟಿಕ್, ಟರ್ಬೊ ಎಂಜಿನ್ ಇರುವಾಗ ಶೇ 8–9ರ ನಷ್ಟವನ್ನು ಗೇರುಗಳೇ ತುಂಬಿಕೊಳ್ಳುವುದಿಲ್ಲವೆ? ಸಮತಟ್ಟಾದ ಹೆದ್ದಾರಿಯಲ್ಲಿ ತುಂಬಿಕೊಳ್ಳುತ್ತವೆ, ಒಂದು ಗೇರು ಕೆಳಗೆ ಓಡಿದರಾಯಿತು. ಏರಿನಲ್ಲಿ ನಿಂತಲ್ಲಿಂದ ಹೊರಡುವಾಗ ಒಂದನೇ ಗೇರಿಗಿಂತ ಕೆಳಗಿನ ಗೇರಿಲ್ಲ. ಅಲ್ಲಿ ಉಂಟಾಗುವ ಕೊರತೆಯೆಲ್ಲ ಟಾರ್ಕ್ ಕನ್ವರ್ಟರಿನಲ್ಲಿ ಬಿಸಿಯಾಗಿ, ಗೇರು ಎಣ್ಣೆಯನ್ನು ಕಾಯಿಸುತ್ತದೆ. ಡಿಫರೆನ್ಷಿಯಲ್ ಬದಲಿಸಿ ಅನುಪಾತ ಏರಿಸಿಕೊಂಡರೆ ಎಳೆತದ ನಷ್ಟ ನಿಜವಾಗಿಯೂ ಸರಿಹೋಗುತ್ತದೆ, ಬಹಳ ಎಳೆಯುವವರಿಗೆ ಅದು ಸರಿಯಾದ ದಾರಿಯೂ ಹೌದು. ಆದರೆ ಬ್ರೇಕು, ಟೈರಿನ ತೂಕ, ಬಾಗಿಲಿನ ಚೀಟಿ ಇವು ಯಾವುವನ್ನೂ ಅದು ಮುಟ್ಟುವುದಿಲ್ಲ.

ದೊಡ್ಡ ರಿಮ್ಮಿನ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಬೇರೆ ಇದೆ. ಪಕ್ಕದ ರಬ್ಬರು ಗಿಡ್ಡವಾದಷ್ಟೂ ಅದು ಅಡ್ಡಕ್ಕೆ ಕಡಿಮೆ ಬಳುಕುತ್ತದೆ, ಹಿಂದಿನ ಟ್ರೇಲರ್ ತೂಗಾಡಿದರೆ ಪಿಕಪ್ ಬೇಗ ಸ್ಥಿಮಿತಕ್ಕೆ ಬರುತ್ತದೆ. ದೊಡ್ಡ ಬ್ರೇಕ್ ಡಿಸ್ಕ್ ಹಿಡಿಸಲು ರಿಮ್ಮೂ ಒಂದಿಷ್ಟು ದೊಡ್ಡದಿರಬೇಕು. ಹಾಗಾಗಿಯೇ 1980ರ ದಶಕದ 15 ಇಂಚಿನ ರಿಮ್ಮಿಗೆ ಹಿಂದಿರುಗಿ ಎಂದು ನಾನು ಹೇಳುವುದಿಲ್ಲ. ಆದರೆ ಬ್ರೇಕಿಗೆ ಬೇಕಾದ ಜಾಗ 17–18 ಇಂಚಿನಲ್ಲೇ ಸಿಗುತ್ತದೆ, ಅದಕ್ಕಿಂತ ಮೇಲಿನದೆಲ್ಲ ಬಹುಪಾಲು ನೋಟಕ್ಕಾಗಿ. ಬಳುಕಾಟ ತಡೆಯಲು ಬೇಕಾದದ್ದು ಹೆಚ್ಚು ಪದರ, ಹೆಚ್ಚು ಗಾಳಿ. ನಿಜವಾಗಿ ಭಾರ ಎಳೆಯುವ ಪಿಕಪ್‌ಗಳು ಯಾವ ಟೈರಿನ ಮೇಲೆ ನಿಂತಿವೆ ನೋಡಿ. ಫೋರ್ಡ್ ಎಫ್-450ರದು 225/70 ಆರ್19.5, ಬರೀ 225 ಮಿಲಿಮೀಟರ್ ಅಗಲದ, ಲಾರಿ ಜಾತಿಯ ಗಟ್ಟಿ ಟೈರು, ಹಿಂದೆ ಜೋಡಿ ಜೋಡಿಯಾಗಿ. ಜೋಡಿ ಚಕ್ರದ ಎಫ್-350ಗೆ 17 ಇಂಚಿನ ರಿಮ್ ಸಾಕು. ಹತ್ತು ಟನ್ ಎಳೆಯಲು ಹುಟ್ಟಿದ ಬಂಡಿಗೆ ಬೇಡವಾದ 22 ಇಂಚಿನ ರಿಮ್, ಅದಕ್ಕಿಂತ ಹಗುರ ಪಿಕಪ್ಪಿಗೆ ಬೇಕು ಎಂಬುದಕ್ಕೆ ಎಂಜಿನಿಯರಿಂಗ್ ಕಾರಣ ಸಿಗುವುದಿಲ್ಲ. ಬಹಳಷ್ಟು ಮಾಲೀಕರು ಎಳೆಯುವುದೇ ಇಲ್ಲ, ಅವರಿಗೆ ಚೆಂದವೇ ಮುಖ್ಯ ಎಂದರೆ ತಕರಾರಿಲ್ಲ. ಆದರೆ ಆ ಪಿಕಪ್ ಮುಂದೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರು ಹೆಚ್ಚಾಗಿ ಕೆಲಸಕ್ಕೇ ಬಳಸುತ್ತಾರೆ, ಮತ್ತು ಅವರು ನಂಬುವುದು ತಿದ್ದದೆ ಉಳಿದ ಆ ಚೀಟಿಯನ್ನೇ.

ನಮ್ಮಲ್ಲಿ ಟ್ರೇಲರ್ ಕಟ್ಟಿ ಪ್ರವಾಸ ಹೋಗುವ ರೂಢಿ ಇಲ್ಲ, ಹೊರುವ ಲೆಕ್ಕ ಮಾತ್ರ ಇಲ್ಲಿಗೂ ಅಷ್ಟೇ ಅನ್ವಯ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನ ಕೆಲವು ಮಾದರಿಗಳು 265/60 ಆರ್18 ಟೈರಿನ ಮೇಲೆ ಬರುತ್ತವೆ. ಈ ಅಳತೆಯ ಸಾಮಾನ್ಯ ಭಾರಸೂಚಿ 110, ಅಂದರೆ 1,060 ಕಿಲೋ. ಅಷ್ಟೇ ಅಗಲದ, ಅಷ್ಟೇ ಎತ್ತರದ 265/65 ಆರ್17ರದು 112, ಅಂದರೆ 1,120. ಒಂದು ಇಂಚು ರಿಮ್ಮಿಗೆ ಟೈರೊಂದಕ್ಕೆ 60 ಕಿಲೋ. ಟೊಮೆಟೊ ಕ್ರೇಟು, ಸಿಮೆಂಟು, ಅಡಿಕೆ ಮೂಟೆ ಹೊತ್ತು ಓಡುವ ಬೊಲೆರೊ ಪಿಕಪ್, ಟಾಟಾ ಯೋಧಗಳು 15–16 ಇಂಚಿನ ರಿಮ್ಮಿನ ಮೇಲೆ ಎತ್ತರದ ಪಕ್ಕದ ರಬ್ಬರಿನೊಂದಿಗೆ ನಿಂತಿರುವುದು ಬರೀ ಅಗ್ಗದ ಕಾರಣಕ್ಕಲ್ಲ. ನಮ್ಮ ಕಡೆ ಕಾಣುವ ತಪ್ಪು ಇನ್ನೊಂದು ಬಗೆಯದು. ಸ್ಪ್ರಿಂಗಿಗೆ ಎರಡು ಪ್ಲೇಟು ಸೇರಿಸಿ, ಹೆಚ್ಚಿನ ಪ್ಲೈ ರೇಟಿಂಗಿನ ದಪ್ಪ ಟೈರು ಹಾಕಿಸಿದರೆ ಎರಡು ಪಟ್ಟು ಲೋಡು ಹಾಕಬಹುದೆಂಬ ನಂಬಿಕೆ. ಆಗ ಟೈರು ತಡೆದರೂ ಬ್ರೇಕು ತಡೆಯುವುದಿಲ್ಲ, ಚಾರ್ಮಾಡಿಯಂಥ ಘಾಟಿಯ ಇಳಿಜಾರಿನಲ್ಲಿ ಅದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮಿತಿ ಮೀರಿ ಲೋಡು ಹಾಕಿದರೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಅಮೆರಿಕದ ತಯಾರಕರು ಮಾಡಬೇಕಾದ ಕೆಲಸ ಕಷ್ಟದ್ದೇನೂ ಅಲ್ಲ. ಆರ್ಡರ್ ಫಾರಂನಲ್ಲಿ ಪ್ರತಿ ರಿಮ್ಮಿನ ಬೆಲೆಯ ಪಕ್ಕದಲ್ಲೇ ಆ ರಿಮ್ ತೊಟ್ಟ ವಾಹನ ಎಷ್ಟು ಹೊರುತ್ತದೆ, ಎಷ್ಟು ಎಳೆಯುತ್ತದೆ ಎಂದು ಅಚ್ಚು ಹಾಕಬೇಕು. ಈ ಅಂಕಿಗಳೆಲ್ಲ ಅವರ ಬಳಿ ಈಗಾಗಲೇ ಇವೆ, ಇಲ್ಲದಿದ್ದರೆ ಬಾಗಿಲಿನ ಚೀಟಿಯನ್ನು ಅಚ್ಚು ಹಾಕಲು ಸಾಧ್ಯವೇ ಇರಲಿಲ್ಲ. ಅಲ್ಲಿಯವರೆಗೆ ಕೆಲಸಕ್ಕೆಂದು ಪಿಕಪ್ ಕೊಳ್ಳುವವರು 17 ಅಥವಾ 18 ಇಂಚಿನ ರಿಮ್ಮನ್ನೇ ಕೇಳಿ ಪಡೆಯಲಿ. ಟೈರು ಬದಲಿಸುವಾಗ ಮೂಲ ಅಳತೆಯನ್ನು ಬಿಡದಿರಲಿ, ಭಾರಸೂಚಿ ಮೂಲದ್ದಕ್ಕಿಂತ ಒಂದು ಅಂಕಿ ಸಹ ಕಡಿಮೆ ಆಗದಂತೆ ನೋಡಿಕೊಳ್ಳಲಿ. ಭಾರ ಹೇರುವ ಮೊದಲು, ಟೈರು ತಣ್ಣಗಿರುವಾಗ, ಗಾಳಿ ಅಳೆದು ನೋಡಲಿ.